ಮಾಂಸ ಆಗು ಅಂದವರು ಯಾರು

ಕಾವಿಗೆ ಕೂತ ಕೋಳಿಯ ಹೊಟ್ಟೆಯಡಿ ಕೈ ಹಾಕಲು ನಮ್ಮವ್ವ ಯಾರಿಗೂ ಬಿಡುವವಳಲ್ಲ. ಭೀಮನಬೀಡಿನ ನಮ್ಮ ಮನೆಯಲ್ಲಿ ಅದೊಂದು ಕಟ್ಟಳೆ. ಹಾಗಿರುವಾಗ ನಾನು ಹೋಗಿ, ನನ್ನ ಎಂ.ಎಸ್ಸಿ. ಪ್ರಾಜೆಕ್ಟಿಗೆ ಹನ್ನೊಂದು ದಿನ ಕಾವು ಪಡೆದ ಮೊಟ್ಟೆ ಬೇಕು, ಒಡೆದು ಒಳಗಿನ ಮರಿಯ ಎದೆಯ ಮಾಂಸ ತೆಗೆಯಬೇಕು ಎಂದೆ. ಅವಳು ನನ್ನನ್ನು ನೋಡಿದ ನೋಟ ಇನ್ನೂ ನೆನಪಿದೆ.

ನಾನಾಗ ಚಾಮರಾಜನಗರದಲ್ಲಿ ಪ್ರಾಣಿಶಾಸ್ತ್ರ ಓದುತ್ತಿದ್ದೆ. ನನ್ನ ವಿಷಯ ಇಷ್ಟೇ. ಕಣ್ಣು, ಚರ್ಮ, ಮಾಂಸ, ಎಲ್ಲದರ ಜೀವಕೋಶಗಳಲ್ಲೂ ಇರುವುದು ಅವೇ ಜೀನುಗಳು. ಆದರೂ ಮಾಂಸಖಂಡದ ಜೀನುಗಳು ಮಾಂಸಖಂಡದಲ್ಲಿ ಮಾತ್ರ ಎಚ್ಚೆತ್ತು ಕೆಲಸಕ್ಕಿಳಿಯುವುದು ಹೇಗೆ? ಅದನ್ನು ಗಾಜಿನ ತಟ್ಟೆಯಲ್ಲಿ ನಡೆಸಿ ತೋರಿಸಬೇಕಿತ್ತು. ಕೊಂಡು ತಂದ ಮೊಟ್ಟೆಗಳಲ್ಲಿ ಎರಡು ಸಲ ಸೋತಿದ್ದೆ. ಇನ್ನೊಂದು ಸಲ ಸೋತರೆ ಆ ವರ್ಷ ಹೋದಂತೆಯೇ.

ಅವ್ವ ಒಂದಿಡೀ ದಿನ ಮುಖ ಕೊಟ್ಟು ಮಾತಾಡಲಿಲ್ಲ. ಮರುದಿನ ಬೆಳಿಗ್ಗೆ ಕೋಣೆಯ ಬಾಗಿಲು ಹಾಕಿಕೊಂಡು, ಒಂದೊಂದೇ ಮೊಟ್ಟೆಯ ಹಿಂದೆ ಟಾರ್ಚ್ ಹಿಡಿದು ನೋಡಿ, ಜೀವ ಗಟ್ಟಿಯಾಗಿರುವ ನಾಲ್ಕನ್ನು ಆರಿಸಿದಳು. ನಾಲ್ಕರಲ್ಲಿ ಒಂದೂ ಹುಸಿಯಾಗಲಿಲ್ಲ.

“ಈ ನಾಕೇಯ. ಆಗ್ನಿಲ್ಲ ಅಂದ್ರೆ ಇನ್ನ ಕೇಳ್ಬ್ಯಾಡ. ಇವು ಏನಾದೊ ಅಂತ ನಂಗೂ ತೋರಿಸ್ಬೇಕು ಕಣಮ್ಮಿ” ಎಂದಳು.

ಟಿಫಿನ್ ಬಾಕ್ಸಿನಲ್ಲಿ ಬೆಚ್ಚಗಿನ ರಾಗಿ ತುಂಬಿ, ಅದರೊಳಗೆ ಮೊಟ್ಟೆ ಹೂತು, ನನ್ನ ಮೇಲೆ ನಂಬಿಕೆ ಸಾಲದೆ ತಾನೇ ಹೊರಟಳು. ಗುಂಡ್ಲುಪೇಟೆಯಲ್ಲಿ ಬಸ್ಸು ಬದಲಿಸಿ ಚಾಮರಾಜನಗರ ಮುಟ್ಟುವವರೆಗೂ ಬಾಕ್ಸು ಅವಳ ಮಡಿಲಲ್ಲೇ, ಸೆರಗಿನ ಮರೆಯಲ್ಲೇ ಇತ್ತು. ಲ್ಯಾಬಿನ ಬಾಗಿಲಲ್ಲಿ ಅದನ್ನು ನನ್ನ ಕೈಗಿತ್ತು, ತಿರುಗಿ ನೋಡದೆ ಹೋದಳು.

ತಿರುಗಿ ನೋಡದೆ ಹೋಗುವುದು ಅವಳಿಗೆ ಹೊಸದಲ್ಲ. ಹೈಸ್ಕೂಲಿಗೆಂದು ನನ್ನನ್ನು ಇದೇ ಊರಿನ ಹಾಸ್ಟೆಲಿಗೆ ಬಿಟ್ಟಾಗಲೂ ಹಾಗೇ ಹೋಗಿದ್ದಳು. ಬೇರೆ ಹುಡುಗಿಯರ ಅವ್ವಂದಿರು ವಾರವಾರ ರೊಟ್ಟಿ, ಚಟ್ನಿಪುಡಿ ಹಿಡಿದು ಬರುತ್ತಿದ್ದರು. ನಮ್ಮವ್ವ ದಸರಾ ರಜೆಯವರೆಗೆ ಬರಲಿಲ್ಲ. ಆ ಸಿಟ್ಟನ್ನು ನಾನು ಬಲು ಜೋಪಾನವಾಗಿ ಇಟ್ಟುಕೊಂಡಿದ್ದೆ.

ಮರಿಗಳ ಎದೆಯ ಕೋಶಗಳನ್ನು ಬಿಡಿಸಿ, ಸೀರಮ್ ಬೆರೆಸಿದ ಗುಲಾಬಿ ಬಣ್ಣದ ದ್ರವದಲ್ಲಿ ಬಿಟ್ಟೆ. ಆ ಸೀರಮ್ಮೇ ಅವಕ್ಕೆ ಊಟ. ಎರಡು ದಿನಕ್ಕೆ ತಟ್ಟೆ ತುಂಬಿತು. ಮೂರನೇ ದಿನ ಸೀರಮ್ಮಿನ ಪ್ರಮಾಣ ಇಳಿಸಬೇಕೆಂದು ನಮ್ಮ ಮೇಡಂ ಬರೆಸಿದ್ದರು. ಇಳಿಸಿದರೆ ಒಂದಷ್ಟು ಕೋಶಗಳು ಸಾಯುತ್ತವೆ. ಹಿಂದಿನ ಎರಡು ಸಲವೂ ಅದನ್ನು ಕಂಡು ಗಾಬರಿಯಾಗಿ ಮತ್ತೆ ಸುರಿದಿದ್ದೆ. ರೊಟ್ಟಿಗಾಗಿ ಹಾಸ್ಟೆಲಿನ ಗೇಟು ಕಾದವಳು ನಾನು, ಇನ್ನೊಬ್ಬರ ಊಟಕ್ಕೆ ಕತ್ತರಿ ಹಾಕಲು ಕೈ ಬರಲಿಲ್ಲ. ಈ ಸಲವೂ ಧಾರಾಳವಾಗಿ ಬಡಿಸಿದೆ. ಅವು ತಿಂದವು, ಒಂದು ಎರಡಾದವು, ಮತ್ತೆ ತಿಂದವು. ಮಾಂಸಖಂಡವಾಗುವ ಸುಳಿವೇ ಇಲ್ಲ.

ಅವ್ವ ಫೋನ್ ಮಾಡಿದಳು. “ಏನ್ ಮಾಡ್ತಾವಮ್ಮಿ?”

“ತಿಂತಾವೆ, ಎಚ್ಕತಾವೆ. ಅಷ್ಟೇಯ ಕಣವ್ವ.”

“ಮತ್ಯಾಕೆ ಇಕ್ತಾ ಕುಂತಿದ್ದೀಯೆ? ಮರಿ ಬಲ್ತ ಮೇಲೆ ತಾಯಿಕೋಳಿ ಕುಕ್ಕಿ ದೂರ ಮಾಡಕ್ಕಿಲ್ವಾ? ಇಲ್ದಿದ್ರೆ ಅವು ಕೆದಕಿ ತಿನ್ನೋದ ಕಲ್ತಾವಾ?”

ಮೇಡಂ ಮೂರು ಸಲ ಹೇಳಿದ್ದು ತಲೆಗೆ ಹತ್ತಿರಲಿಲ್ಲ, ಅವ್ವ ಒಂದು ಸಲ ಹೇಳಿದ್ದು ಹತ್ತಿತು. ಅಂದೇ ಸೀರಮ್ ಇಳಿಸಿದೆ. ಕೆಲವು ಸತ್ತವು. ನಾನು ಹಲ್ಲು ಕಚ್ಚಿಕೊಂಡು ಸುಮ್ಮನಿದ್ದೆ. ಉಳಿದವು ಸಾಲಾಗಿ ನಿಂತು, ಒಂದಕ್ಕೊಂದು ಬೆಸೆದು, ಉದ್ದನೆಯ ಎಳೆಗಳಾದವು. ಐದು ದಿನ ಕಳೆದ ಮೇಲೆ ಒಂದು ಬೆಳಿಗ್ಗೆ ಮೈಕ್ರೋಸ್ಕೋಪಿಗೆ ಕಣ್ಣಿಟ್ಟಾಗ ಒಂದು ಎಳೆ ಮಿಡುಕಿತು. ನರವಿಲ್ಲ, ಹೃದಯವಿಲ್ಲ, ಕೋಳಿಯೇ ಇಲ್ಲ. ಆದರೂ ತನ್ನಷ್ಟಕ್ಕೆ ತಾನು ಮತ್ತೆ ಮಿಡುಕಿತು. ನಾನು ಅತ್ತುಬಿಟ್ಟೆ.

ಮರುದಿನವೇ ಅವ್ವ ಬಂದಳು. ಒಂದು ಕಣ್ಣನ್ನು ಅಂಗೈಯಿಂದ ಮುಚ್ಚಿಕೊಂಡು ಬಹಳ ಹೊತ್ತು ನೋಡಿದಳು.

“ಒಂದೇ ಮೊಟ್ಟೇಲಿ ಕಣ್ಣೂ ಆಯ್ತದೆ, ಪುಕ್ಕನೂ ಆಯ್ತದೆ. ಇದ್ಕೆ ಮಾಂಸ ಆಗು ಅಂದೋರು ಯಾರು?”

ನಾನು ಅರವತ್ತು ಪುಟ ಬರೆಯಲು ಒದ್ದಾಡುತ್ತಿದ್ದ ಪ್ರಶ್ನೆಯನ್ನು ಅವಳು ನಿಂತ ನಿಲುವಿನಲ್ಲೇ ಕೇಳಿದ್ದಳು. ನನಗೆ ಹೆಮ್ಮೆಯಾಯಿತು. ಮಯೋಡಿ ಎಂಬ ಪ್ರೊಟೀನಿನ ಕತೆ ಹೇಳಿದೆ. ಅದು ಮಾಂಸಖಂಡದ ದಾರಿ ಹಿಡಿದ ಕೋಶಗಳಲ್ಲಿ ಮಾತ್ರ ಇರುತ್ತದೆ. ಮಾಂಸಖಂಡಕ್ಕೆ ಬೇಕಾದ ಜೀನುಗಳ ಬಳಿ ಪುಟ್ಟ ಗುರುತುಗಳಿವೆ, ಅದು ಹುಡುಕಿಕೊಂಡು ಹೋಗಿ ಅಲ್ಲಿ ಕೂರುತ್ತದೆ, ಜೀನು ಏಳುತ್ತದೆ. ತನ್ನನ್ನು ತಯಾರಿಸುವ ಜೀನನ್ನೂ ತಾನೇ ಎಬ್ಬಿಸುತ್ತದೆ. ಚರ್ಮದ ಕೋಶದೊಳಗೆ ಅದನ್ನು ಸೇರಿಸಿದರೆ ಚರ್ಮವೂ ಮಾಂಸಖಂಡದ ದಾರಿ ಹಿಡಿಯುತ್ತದೆ. ಇಷ್ಟು ವರ್ಷ ಪಾಠ ಹೇಳಿದ ಮೇಲೂ ಈ ಮಾತಿಗೆ ಬಂದಾಗ ನನಗೆ ಮೈ ಜುಮ್ಮೆನ್ನುತ್ತದೆ.

“ಹಂಗಾರೆ ಅದು ಮೊದ್ಲಿಂದ್ಲೂ ಒಳ್ಗೇ ಇತ್ತಾ?”

“ಇತ್ತು ಕಣವ್ವ. ಊಟ ಜಾಸ್ತಿ ಇರೋಗಂಟ ಬ್ಯಾರೆ ಪ್ರೊಟೀನುಗಳು ಅದ್ರ ಕೈ ಕಟ್ಟಾಕಿರ್ತಾವೆ. ಊಟ ಇಳುದ್ರೆ ಬುಡ್ತಾವೆ.”

ಅವ್ವ ಮತ್ತೆ ಬಗ್ಗಿ ನೋಡಿದಳು.

ಸಂಜೆ ಬಸ್ ಸ್ಟ್ಯಾಂಡಿಗೆ ಬಿಡಲು ಹೋದೆ. ಗುಂಡ್ಲುಪೇಟೆ ಬಸ್ಸು ಬಂದು ನಿಂತಿತು. ಅವಳು ಕಲ್ಲುಬೆಂಚಿನಿಂದ ಏಳಲಿಲ್ಲ.

“ನಿನ್ನ ಹಾಸ್ಟೆಲ್ಗೆ ಬುಟ್ಟು ಬಂದ ದಿನ್ವೂ ಇಲ್ಲೇ ಕುಂತಿದ್ದೆ ಕಣಮ್ಮಿ. ವಾಪಸ್ ಓಗಿ ಕರ್ಕಂಡ್ ಬಂದ್ಬುಡನ ಅನ್ನುಸ್ತು. ಮೂರ್ ಬಸ್ ಬುಟ್ಟೆ. ನಾಕ್ನೇದಕ್ಕೆ ಎದ್ದೆ.”

ನಾನೂ ಪಕ್ಕದಲ್ಲಿ ಕೂತೆ. ಗುಂಡ್ಲುಪೇಟೆ, ಗುಂಡ್ಲುಪೇಟೆ ಎಂದು ಕಂಡಕ್ಟರ್ ಎರಡು ಸಲ ಕೂಗಿದ. ಇಬ್ಬರೂ ಏಳಲಿಲ್ಲ.