ಮಡಿಲಲ್ಲಿ ಕಡಲಾಮೆ, ಭದ್ರಾವತಿಗೆ

ಹೊನ್ನಾವರದಲ್ಲಿ ಬೆಳಗಿನ ಶಿವಮೊಗ್ಗ ಬಸ್ ಹತ್ತಿದಾಗ ನನ್ನ ಮಡಿಲಲ್ಲಿ ಒಂದು ಕಡಲಾಮೆ ಇತ್ತು. ಹಸಿರು ಸೀರೆಯಲ್ಲಿ ಹೊಲಿದು ಹತ್ತಿ ತುಂಬಿದ, ನಿಜವಾದ ಆಮೆಯಷ್ಟೇ ಅಗಲದ ಗೊಂಬೆ. ಮೇಲಿಟ್ಟರೆ ಘಟ್ಟದ ತಿರುವಿನಲ್ಲಿ ಯಾರದೋ ತಲೆ ಮೇಲೆ ಬೀಳುತ್ತದೆ, ಕೆಳಗಿಟ್ಟರೆ ಯಾರೋ ಅದರ ಮೇಲೆ ವಾಂತಿ ಮಾಡುತ್ತಾರೆ ಎಂದು ಹಿಂದಿನ ದಿನವೇ ಚಿಂತಿಸಿ ಮುಗಿಸಿದ್ದೆ.

"ಇದಕ್ಕೆ ಅರ್ಧ ಟಿಕೆಟ್ ಹರೀಲಾ ಸರ್?" ಎಂದ ಕಂಡಕ್ಟರ್. ಬಸ್ಸೆಲ್ಲ ನಕ್ಕಿತು. ನಾನೂ ನಕ್ಕೆ. ಆದರೆ ಗೇರುಸೊಪ್ಪೆ ದಾಟುವವರೆಗೂ ನಿಜವಾಗಿಯೂ ಲಗೇಜ್ ಚಾರ್ಜ್ ಹಾಕುತ್ತಾನೇನೋ ಎಂಬ ಅಳುಕು ಹೋಗಲಿಲ್ಲ.

ನಾನು ಹೈಸ್ಕೂಲ್ ಮೇಷ್ಟ್ರು. ಚಳಿಗಾಲದಲ್ಲಿ ನಮ್ಮ ದಂಡೆಗೆ ಮೊಟ್ಟೆಯಿಡಲು ಬರುವ ಆಮೆಗಳನ್ನು ಉಳಿಸುವುದು ಹೇಗೆಂದು ಕರಾವಳಿಯ ಶಾಲೆಗಳಿಗೆ ಹೋಗಿ ಪಾಠ ಹೇಳುವ ಪುಟ್ಟ ಬಳಗ ನಮ್ಮದು. ಜೀಪಿನ ಬಾಡಿಗೆಗೆ ದುಡ್ಡು ಬೇಕು. ಅದಕ್ಕಾಗಿ ಸಮುದ್ರಕ್ಕೆ ಬೆನ್ನು ಹಾಕಿ ಘಟ್ಟ ಹತ್ತಿದ್ದೆ.

ಶಿವಮೊಗ್ಗ ಮುಟ್ಟುವಾಗ ಮಧ್ಯಾಹ್ನದ ಬಿಸಿಲು. ಬಸ್ ಸ್ಟ್ಯಾಂಡಿನ ಎದುರು ಊಟ ಮುಗಿಸಿ ಆಟೊದಲ್ಲಿ ಆಲ್ಕೊಳಕ್ಕೆ ಹೋದೆ. ಅಲ್ಲಿ ಪರಿಚಯದ ಗುತ್ತಿಗೆದಾರರೊಬ್ಬರ ಮನೆ. ಕಾಫಿ ಕೊಟ್ಟರು, ಆಮೆಯ ಬೆನ್ನು ಸವರಿದರು, ಫೋಟೊ ತೆಗೆಸಿಕೊಂಡರು. ಆಮೇಲೆ, "ಅಲ್ಲ ಮಾರಾಯ್ರೆ, ನಮಗೂ ಸಮುದ್ರಕ್ಕೂ ಏನ್ ಸಂಬಂಧ? ತುಂಗೆಯಲ್ಲಿರೋ ಆಮೆ ಆಗಿದ್ರೆ ನೋಡಬಹುದಿತ್ತು" ಎಂದರು. ಇದಕ್ಕೆ ತಕ್ಕ ಉತ್ತರ ನನಗೆ ಹೊಳೆದದ್ದು ಮರುದಿನ ಭದ್ರಾವತಿಯ ಬಸ್ಸಿನಲ್ಲಿ. ನನ್ನ ಉತ್ತರಗಳೆಲ್ಲ ಹೀಗೆಯೇ, ಮುಂದಿನ ಬಸ್ಸಿಗೆ ಬರುತ್ತವೆ.

ಭದ್ರಾವತಿ ಮುಕ್ಕಾಲು ಗಂಟೆಯ ದಾರಿ. ಅಲ್ಲಿ ಮಾತ್ರ ಬರಿಗೈ ಆಗದು ಎಂಬ ಧೈರ್ಯವಿತ್ತು. ಹಳೇನಗರದಲ್ಲಿ ಕಬ್ಬಿಣದ ಸಾಮಾನಿನ ಅಂಗಡಿಯಿಟ್ಟಿರುವ ಬಸವರಾಜಪ್ಪನವರ ಮಗಳು ಸಹನಾ, ಕಾಲೇಜು ಮುಗಿಸಿ ಒಂದು ಚಳಿಗಾಲ ನಮ್ಮ ಜೊತೆ ದಂಡೆಯಲ್ಲಿದ್ದಳು. ನಾವು ಇಂದಿಗೂ ಹೇಳುವ ಪಾಠ ಅವಳು ಕಟ್ಟಿದ್ದು. ತಾಯಿಯ ಹಳೇ ಸೀರೆಯಲ್ಲಿ ಈ ಆಮೆಯನ್ನು ಹೊಲಿದವಳೂ ಅವಳೇ. ಮುಂದಿನ ವರ್ಷ ಜ್ವರದಲ್ಲಿ ತೀರಿಕೊಂಡಳು. ಅಂದಿನಿಂದ ಮನೆಯವರು ಅವಳ ವರ್ಷದ ಸ್ಮರಣೆಗೆ ದಾಸೋಹ ಮಾಡದೆ, ಆ ಊಟದ ಖರ್ಚನ್ನು ನಮ್ಮ ಜೀಪಿಗೆ ಕೊಡುತ್ತಿದ್ದರು. ಪ್ರತಿ ವರ್ಷ ಅದೇ ದಿನ ನಾನು ಹೋಗುತ್ತಿದ್ದೆ.

ಓಣಿ ತಿರುಗಿದರೆ ಮನೆ ಮುಂದೆ ಶಾಮಿಯಾನ. ಒಲೆಯ ಮೇಲೆ ದೊಡ್ಡ ದೊಡ್ಡ ಹಂಡೆಗಳು. ನನಗೆ ಅರ್ಥವಾಗಿಹೋಯಿತು.

ಬಸವರಾಜಪ್ಪ ಓಡಿಬಂದು ನನ್ನ ಕೈ ಹಿಡಿದರು. "ಮೇಷ್ಟ್ರೇ, ಫೋನಲ್ಲಿ ಹೇಳೋಕೆ ಬಾಯೇ ಬರ್ಲಿಲ್ಲ. ಈ ಸಲ ಜನ ಬಂದು ಉಣ್ಣಲಿ ಅಂದ್ಲು ನಮ್ಮನೆಯವಳು. ಇಷ್ಟು ದಿನ ಯಾರ ಮುಖಾನೂ ನೋಡ್ತಿರ್ಲಿಲ್ಲ. ಬೇಡ ಅನ್ನೋಕಾಗುತ್ತಾ?"

"ಛೆ ಛೆ, ಒಳ್ಳೇದೇ ಆಯ್ತಲ್ಲ" ಎಂದೆ. ಒಳ್ಳೆಯದೇ ಆಗಿತ್ತು. ಕದ ಹಾಕಿಕೊಂಡು ಕೂರುತ್ತಿದ್ದ ಸಹನಾಳ ತಾಯಿ ಗೌರಮ್ಮ ಅಂಗಳದಲ್ಲಿ ನಿಂತು, "ಪಾಯಸ ಗಂಜಿ ಆಗಿದೆಯಲ್ಲೋ, ಹಾಲು ಹಾಕೋ!" ಎಂದು ಅಡುಗೆಯವನನ್ನು ಗದರಿಸುತ್ತಿದ್ದರು. ಅದನ್ನು ಕಂಡು ಹಿಗ್ಗಬೇಕಾದವನು ನಾನು; ನನ್ನ ತಲೆಯಲ್ಲಿ ಜೀಪು ಓಡುತ್ತಿತ್ತು. ಸುಮ್ಮನಿರಲಾಗದೆ ಕೋಸಂಬರಿಯ ಪಾತ್ರೆ ಹಿಡಿದು ಬಡಿಸಲು ನಿಂತೆ, ಎಲೆಯ ತಪ್ಪು ಬದಿಗೆ ಹಾಕಿ ಬೈಸಿಕೊಂಡೆ.

ಪಂಕ್ತಿಯ ನಡುವೆ ಗೌರಮ್ಮ ಬಂದರು. "ಮೇಷ್ಟ್ರೇ, ಮಕ್ಕಳೆಲ್ಲ ಕೂತಾರೆ. ಅವಳ ಪಾಠ ಹೇಳಿ. ನಾನು ಒಂದ್ಸಲಾನೂ ಕೇಳಿಲ್ಲ."

ಆಮೆಯನ್ನೆತ್ತಿಕೊಂಡು ಪಂಕ್ತಿಯ ಮಧ್ಯೆ ನಿಂತೆ. ತಾಯಿ ಆಮೆ ಮರಳಿನಲ್ಲಿ ಗುಂಡಿ ತೋಡಿ ಮೊಟ್ಟೆಯಿಟ್ಟು ಮುಚ್ಚಿ ಹೋಗುತ್ತದೆ. ಮರಿಗಳು ಬೆಳಕಿನ ಕಡೆ ಹರಿಯುತ್ತವೆ, ಅದಕ್ಕೇ ದಂಡೆಯಲ್ಲಿ ದೀಪ ಹಾಕಬಾರದು. ಬಲೆಗೆ ಸಿಕ್ಕಿದರೆ ಬಲೆ ಕತ್ತರಿಸಿಯಾದರೂ ಬಿಡಬೇಕು. ಅಲ್ಲಿಗೆ ನಿಲ್ಲಿಸಿದೆ. ಪಾಠದ ಕೊನೆಯ ಮಾತೊಂದಿತ್ತು. ಆ ಮನೆಯಲ್ಲಿ ಅದನ್ನು ಹೇಳಲು ನಾಲಿಗೆ ಏಳಲಿಲ್ಲ.

"ಮುಗೀತಾ?" ಎಂದರು ಗೌರಮ್ಮ. "ವಾಪಸ್ ಬರೋದು ಹೇಳ್ಲೇ ಇಲ್ಲ. ದೊಡ್ಡವಾದ್ಮೇಲೆ ಹುಟ್ಟಿದ ಕಡೆಗೇ ಮೊಟ್ಟೆಯಿಡೋಕೆ ಬರ್ತಾವೆ ಅಂತಿದ್ಲು, ಫೋನಲ್ಲಿ."

"ಹೌದಮ್ಮ. ಬರ್ತಾವೆ."

"ಎಲ್ಲಾನೂ?"

ಪಂಕ್ತಿಯಲ್ಲಿ ಕೈಗಳು ನಿಂತಿದ್ದವು.

"ಇಲ್ಲಮ್ಮ. ಬಹಳ ಕಡಿಮೆ."

"ಹಂಗಾದ್ರೆ ಅದನ್ನೂ ಹೇಳಿ," ಎಂದರು. "ಮಕ್ಕಳಿಗೆ ಸುಳ್ಳು ಹೇಳಬಾರದು."

ಹೇಳಿದೆ. ಮಕ್ಕಳು ಪಾಯಸಕ್ಕೆ ಕೈ ಹಾಕಿದರು. ಗೌರಮ್ಮ ಆಮೆಯನ್ನು ನನ್ನ ಕೈಯಿಂದ ತೆಗೆದುಕೊಂಡು ಮಗುಚಿ ನೋಡಿದರು. "ಹೊಟ್ಟೆ ಹೊಲಿಗೆ ಬಿಟ್ಟಿದೆ. ಅವಳ ಹೊಲಿಗೆ ಯಾವಾಗ್ಲೂ ಇಷ್ಟೇ, ದಾರ ಎಳೆದು ಗಂಟು ಹಾಕಲ್ಲ." ಒಳಗೆ ಹೋದರು. ಬಹಳ ಹೊತ್ತು ಬರಲಿಲ್ಲ. ಬಂದಾಗ ಹೊಟ್ಟೆಯ ಮೇಲೆ ಕೆಂಪು ದಾರದ ಒತ್ತು ಹೊಲಿಗೆಯಿತ್ತು. ಹಳೆಯ ಹಸಿರು ಹೊಲಿಗೆಯನ್ನು ಬಿಚ್ಚದೆ, ಅದರ ಪಕ್ಕದಲ್ಲೇ ಹಾಕಿದ್ದರು.

ಮರುದಿನ ಊರಿಗೆ ಹೊರಟೆ. ಘಟ್ಟ ಇಳಿಯುವಾಗ ಶಾಲೆಗಳನ್ನು ನೆನೆದುಕೊಂಡೆ. ಜೀಪಿಲ್ಲದೆ ಬಸ್ಸು ಹೋಗುವ ಊರುಗಳಿಗೆ ಹೇಗೋ ಹೋಗಬಹುದು. ಆಮೆಗಳು ಮೊಟ್ಟೆಯಿಡಲು ಬರುವುದು ಬಸ್ಸು ಹೋಗದ ದಂಡೆಗಳಿಗೆ. ಅಲ್ಲಿನ ಮಕ್ಕಳಿಗೆ ಈ ವರ್ಷ ಪಾಠವಿಲ್ಲ.

ಬಸ್ಸು ಖಾಲಿಯಿತ್ತು. "ಪಕ್ಕದ ಸೀಟಲ್ಲಿ ಕೂರಿಸಿ ಸರ್, ಯಾರೂ ಇಲ್ಲ" ಎಂದ ಕಂಡಕ್ಟರ್. ನಾನು ಮಡಿಲಿನಿಂದ ಇಳಿಸಲಿಲ್ಲ.