ಅನ್‌ಸೂಟೆಬಲ್ ಎಂದರೆ ಸೂಟು ಇಲ್ಲದವನೇ?

“ಕೋಟು ತೆಗೀರಿ ಮಾಸ್ತರ್ರೆ, ಬೆವತು ನೀರಾಗಿದ್ರಿ” ಎಂದಳು ಬಾಗಿಲು ತೆರೆದ ಹುಡುಗಿ.

ಅರವತ್ತರ ದಶಕದ ಒಂದು ವೈಶಾಖದ ಮಧ್ಯಾಹ್ನ. ಹೊನ್ನಾವರದ ಕನ್ನಡ ಶಾಲೆಯ ಮಾಸ್ತರನಾದ ನಾನು ಭಟ್ಕಳದ ಗೆಳೆಯನ ಉಣ್ಣೆಯ ಸೂಟು ತೊಟ್ಟು ಕುಮಟೆಯ ಆ ಮನೆಯೆದುರು ನಿಂತಿದ್ದೆ. ಹಿಂದಿನ ತಿಂಗಳು ಅವಳನ್ನು ನೋಡಿ ಹೋದ ಮೇಲೆ ಅವಳ ತಂದೆ ಇಂಗ್ಲಿಷಿನಲ್ಲಿ ಕಾಗದ ಬರೆದು, ನನ್ನನ್ನು ‘ಅನ್‌ಸೂಟೆಬಲ್’ ಎಂದಿದ್ದರು. ನನಗೆ ಬರುತ್ತಿದ್ದ ಇಂಗ್ಲಿಷಿನಲ್ಲಿ ಸೂಟು ಎಂದರೆ ಕೋಟು, ಪ್ಯಾಂಟು ಅಷ್ಟೇ. ಧೋತರ ಉಟ್ಟು ಹೋದದ್ದೇ ತಪ್ಪಾಯಿತೆಂದು ತಿಳಿದು, ತಿದ್ದಿಕೊಂಡು ಬಂದಿದ್ದೆ.

ಅದನ್ನೇ ಅವಳಿಗೆ ಹೇಳಿದೆ. ಅವಳು ನಗು ತಡೆದುಕೊಂಡು, “ಅದು ಸೂಟಿನ ಸುದ್ದಿ ಅಲ್ಲ. ನೀವು ನಂಗೆ ಹೊಂದೂದಿಲ್ಲ ಅಂತ ಬರ್ದದ್ದು” ಎಂದಳು. ಭೂಮಿ ಬಾಯ್ಬಿಟ್ಟರೆ ಸಾಕೆನಿಸಿ ಮೆಟ್ಟಿಲಿಳಿಯಲು ತಿರುಗಿದೆ.

“ಎಂತಕ್ಕೆ ಅವಸರ? ಬರ್ದದ್ದು ಅಪ್ಪ. ನನ್ನ ಯಾರೂ ಕೇಳ್ಲಿಲ್ಲ” ಎಂದವಳೇ ತಂಬಿಗೆ ನೀರು ತಂದಿಟ್ಟು, ಒಳಗೆ ಹೋಗಿ ತಂದೆಯೊಡನೆ ಜಗಳಕ್ಕೆ ನಿಂತಳು.

ಜಗಳ ಅವಳೇ ಗೆದ್ದಳು. ಮದುವೆಯಾಗಿ ಇಷ್ಟು ವರ್ಷವಾಯಿತು. ನಾನು ನಿನಗೆ ಹೊಂದುತ್ತೇನೆಯೇ ಎಂದು ಅವಳನ್ನು ಕೇಳುವ ಧೈರ್ಯ ಮಾತ್ರ ನನಗಿನ್ನೂ ಬಂದಿಲ್ಲ.