ನಮ್ಮ ಆಫೀಸಿನ ಮೇಲ್ ಅಕ್ಕ
ನಮ್ಮ ಹಾಸಿಗೆ ಕಂಪನಿಯ ಜಾಹೀರಾತು ಮೇಲ್‌ಗಳು ಸ್ಪ್ಯಾಮ್ ಡಬ್ಬಿಗೆ ಬೀಳದಂತೆ ಕಾಯುವವರು ಮೇಲ್ ಅಕ್ಕ. ನಾವು ಬರೆದುಕೊಟ್ಟ ಸಾಲಿನಲ್ಲಿ ‘ಉಚಿತ’ ಎಂಬ ಪದ ಕಂಡರೆ ಸಾಕು, ಅನ್ನದಲ್ಲಿ ಕಲ್ಲು ಸಿಕ್ಕವರಂತೆ ಮುಖ ಮಾಡಿ ಹೊಡೆದುಹಾಕುತ್ತಾರೆ. ಮೂರು ಆಶ್ಚರ್ಯಚಿಹ್ನೆ ಹಾಕಿದವರಿಗೆ, “ಕೂಗಿದ್ರೆ ಬಾಗಿಲು ಹಾಕ್ಕೋತಾರಪ್ಪ, ಹೆಸರು ಹಿಡಿದು ಮೆಲ್ಲಗೆ ಕರೀಬೇಕು” ಎನ್ನುತ್ತಾರೆ. ಆರು ತಿಂಗಳಿಂದ ಮೇಲ್ ತೆರೆಯದವರನ್ನು ಪಟ್ಟಿಯಿಂದ ಕಳೆ ಕಿತ್ತಂತೆ ಕೀಳುತ್ತಾರೆ. ಮ್ಯಾನೇಜರು ಗೊಣಗಿದರೆ, “ಬೇಡ ಅಂದೋರ ಬೆನ್ನು ಬಿದ್ರೆ ಬೇಕು ಅನ್ನೋರೂ ಕೈಬಿಡ್ತಾರೆ ಸಾರ್” ಎಂದು ಬಾಯಿ ಮುಚ್ಚಿಸುತ್ತಾರೆ. ಹೀಗೆ ಕಿತ್ತ ವಿಳಾಸವೊಂದರಿಂದ ಕಳೆದ ವರ್ಷ ಒಬ್ಬ ಹೆಂಗಸು ಬರೆದಿದ್ದರು: “ನಮ್ಮ ಯಜಮಾನರು ತೀರಿಕೊಂಡು ವರ್ಷ ಆಯ್ತು. ಅವರ ಹೆಸರಿಗೆ ಬರೆಯೋರು ನೀವೊಬ್ರೇ ಇದ್ರಿ. ನಾನು ಮೇಲ್ ತೆರೀತಿರಲಿಲ್ಲ, ಮೇಲಿನ ಸಾಲಲ್ಲಿದ್ದ ಅವರ ಹೆಸರು ನೋಡ್ಕೊಂಡು ಸುಮ್ಮನಾಗ್ತಿದ್ದೆ. ಮತ್ತೆ ಕಳಿಸ್ತೀರಾ?” ಅಕ್ಕ ಅದನ್ನು ಎರಡು ಸಲ ಓದಿದರು, ಕನ್ನಡಕ ಒರೆಸಿಕೊಂಡರು, ಆ ಹೆಸರನ್ನು ಪಟ್ಟಿಗೆ ವಾಪಸ್ ಸೇರಿಸಿದರು. “ಒಂದು ಸಲಾನೂ ತೆರೆಯದ ಈ ವಿಳಾಸ ಯಾಕೆ ಉಳಿಸಿದ್ದೀರಿ?” ಎಂದು ಮ್ಯಾನೇಜರು ಮೊನ್ನೆ ಕೇಳಿದಾಗ, ಅಕ್ಕ ತಲೆ ಎತ್ತದೆ ಹೇಳಿದರು: “ಅದು ತಲುಪ್ತಾ ಇದೆ ಸಾರ್.”